ಉಳಿದ ಗಿಟಾರು

"ಸರ್, ಎರಡು ಎಲೆಕ್ಟ್ರಿಕ್ ಗಿಟಾರು ನೋಡಿಟ್ಟಿದ್ದೇನೆ. ರಾಕ್, ಮೆಟಲ್ ನುಡಿಸ್ಲಿಕ್ಕೆ. ಯಾವುದನ್ನು ತಗೊಳ್ಳುದು?"

ಕೇಳಿದವನು ನಿಶಿತ್. ಕೇಳಿದ್ದು ತನ್ನ ಗುರುಗಳಾದ ಇನಾಸ್ ಮಾಸ್ಟ್ರನ್ನು. ಕುಲಶೇಖರದಲ್ಲಿ ಮಾಸ್ಟ್ರ ಮನೆಯ ಮುಂದಿನ ಕೋಣೆಯಲ್ಲಿ ಸಂಜೆಯ ಪಾಠ ಮುಗಿದಿತ್ತು. ಉಳಿದ ಶಿಷ್ಯರು ಹೊರಟುಹೋಗಿದ್ದರು. ಮಾಸ್ಟ್ರು ತಮ್ಮ ಹಳೆಯ ಗಿಟಾರಿನ ತಂತಿಗಳನ್ನು ಬಟ್ಟೆಯಿಂದ ಒರೆಸುತ್ತಿದ್ದರು.

"ಯಾವ ಯಾವುದು?" ಎಂದರು.

"ಒಂದು ಕಪ್ಪು, ಒಂದು ಕೆಂಪು. ಕ್ರಯ ಎರಡಕ್ಕೂ ಒಂದೇ. ಕಪ್ಪಿನದ್ದು ಹೇಗೆ ಬಾರಿಸಿದ್ರೂ ಗುಡುಗ್ತದೆ ಸರ್. ಕೆಂಪಿನದ್ದು ಸ್ವಲ್ಪ... ಎಂತ ಹೇಳುದು, ಎಲ್ಲ ಬಿಡಿಸಿ ಬಿಡಿಸಿ ಕೇಳ್ತದೆ."

"ಅಂಗಡಿಯಲ್ಲಿ ಇರುದು ಎರಡೇಯಾ?"

"ಎರಡೇ. ಒಂದು ನಂಗೆ. ಇನ್ನೊಂದು ನಮ್ಮ ಬ್ಯಾಂಡಿನ ರೊಯ್ಸ್ಟನ್‌ಗೆ. ಅವನದ್ದೇನೂ ಚಿಂತೆ ಇಲ್ಲ ಸರ್. ನಾನು ಹೇಳಿದ್ದನ್ನು ತಗೊಳ್ತಾನೆ."

ಮಾಸ್ಟ್ರು ಒರೆಸುವುದನ್ನು ನಿಲ್ಲಿಸಿದರು. ಗಿಟಾರನ್ನು ಗೋಡೆಗೆ ಒರಗಿಸಿಟ್ಟರು.

"ಕೂತ್ಕೊ. ಇಂಥದ್ದೇ ಎರಡು ಗಿಟಾರಿನ ಕತೆ ಉಂಟು," ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವಾದಕನಿದ್ದ. ಅವನ ಬೆರಳು ಚುರುಕು, ಬಾಯಿ ಅದಕ್ಕಿಂತ ಚುರುಕು. ಅವನಿಗೊಬ್ಬ ಜೊತೆಗಾರನಿದ್ದ. ಇಬ್ಬರೂ ಒಂದೇ ಬ್ಯಾಂಡಿನಲ್ಲಿ ಗಿಟಾರು ನುಡಿಸುತ್ತಿದ್ದರು. ವಾದಕನದು ಲೀಡ್, ಹಾಡಿನ ನಡುವೆ ಎಲ್ಲರೂ ಹಿಂದೆ ಸರಿದು ದಾರಿ ಬಿಟ್ಟಾಗ ಮುಂದೆ ಬಂದು ಮಿಂಚುವ ಕೆಲಸ. ಜೊತೆಗಾರನದು ರಿದಮ್, ಮೊದಲಿನಿಂದ ಕೊನೆಯವರೆಗೆ ಹಾಡನ್ನು ಹೊತ್ತು ನಡೆಯುವ ಕೆಲಸ. ಜನ ನೋಡುವುದು ಮಿಂಚುವವನನ್ನು. ಹೊತ್ತವನನ್ನು ಅವನು ಎಡವಿದಾಗ ಮಾತ್ರ ನೋಡುತ್ತಾರೆ. ಜೊತೆಗಾರನಿಗೆ ಅದರ ಬಗ್ಗೆ ಬೇಸರವಿರಲಿಲ್ಲ.

ಆ ಬ್ಯಾಂಡಿನಲ್ಲಿ ಒಂದು ರೂಢಿಯಿತ್ತು. ತಂತಿ ಕೊಳ್ಳಲಿ, ಸದ್ದು ಹಿಗ್ಗಿಸುವ ಆಂಪ್ ಕೊಳ್ಳಲಿ, ಏನೇ ಕೊಳ್ಳಲಿ, ಮೊದಲು ವಾದಕ ಬಾರಿಸಿ ನೋಡಬೇಕು. ಅವನು ಹೂಂ ಅಂದದ್ದನ್ನೇ ಉಳಿದವರು ಕೊಳ್ಳಬೇಕು. ಅವನ ಕಿವಿ ಒಳ್ಳೆಯದು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಅದು ಸುಳ್ಳೂ ಆಗಿರಲಿಲ್ಲ. ಅವನ ಕಿವಿ ನಿಜಕ್ಕೂ ಒಳ್ಳೆಯದೇ. ಮುಂದೆ ಅವನನ್ನು ಕಾಡಿದ್ದು ಆ ಕಿವಿಯೇ.

ಇಬ್ಬರ ಗಿಟಾರುಗಳೂ ಹಳತಾಗಿದ್ದವು. ಊರಿನ ಅಂಗಡಿಗೆ ಎರಡು ಹೊಸ ಗಿಟಾರುಗಳು ಬಂದಿವೆ ಎಂದು ಸುದ್ದಿ ಸಿಕ್ಕಿತು. ಜೊತೆಗಾರನಿಗೆ ಕೆಲಸ ಮುಗಿಸಿ ಬರುವುದು ತಡವಾಗುತ್ತಿತ್ತು. ವಾದಕ ಮೊದಲೇ ಹೋಗಿ ಕುಳಿತ.

ಮೆಟಲ್ ನುಡಿಸುವವರು ತಂತಿಯ ಸದ್ದನ್ನು ಇದ್ದ ಹಾಗೆ ಬಿಡುವವರಲ್ಲ. ಡಿಸ್ಟಾರ್ಷನ್ ಎಂಬ ಪೆಟ್ಟಿಗೆಯೊಳಗೆ ಹಾಯಿಸಿ, ಸ್ವರವನ್ನು ಒಡೆದು, ಉಬ್ಬಿಸಿ, ಗುಡುಗು ಮಾಡಿ ಹೊರಗೆ ಬಿಡುತ್ತಾರೆ. ವಾದಕ ಕಪ್ಪು ಗಿಟಾರನ್ನು ಆ ಪೆಟ್ಟಿಗೆಗೆ ಸಿಕ್ಕಿಸಿ ತನ್ನ ಮೆಚ್ಚಿನ ಭಾಗವನ್ನು ಬಾರಿಸಿದ. ಅಂಗಡಿಯ ಗಾಜು ನಡುಗಿತು. ಬಾಗಿಲಲ್ಲಿ ಹೋಗುವವರು ನಿಂತು ನೋಡಿದರು. ಅವನು ಹಿಗ್ಗಿಹೋದ.

ಆಮೇಲೆ ಕೆಂಪು ಗಿಟಾರನ್ನು ಎತ್ತಿಕೊಂಡ. ಅದೇ ಪೆಟ್ಟಿಗೆ, ಅದೇ ಆಂಪ್, ಅದೇ ಭಾಗ. ಗುಡುಗು ಇಲ್ಲಿಯೂ ಬಂತು. ಆದರೆ ಈ ಗಿಟಾರಿನಲ್ಲಿ ಗುಡುಗಿನ ಒಳಗೂ ಒಂದೊಂದು ಸ್ವರ ಬೇರೆ ಬೇರೆಯಾಗಿ ಕೇಳುತ್ತಿತ್ತು. ವೇಗದ ಜಾಗ ಬಂದಾಗ ನಾಲ್ಕು ಸ್ವರ ಇರಬೇಕಾದಲ್ಲಿ ಮೂರೇ ಕೇಳಿದವು. ಬೆರಳು ಅಲ್ಲಿಗೆ ಹೋಗಿತ್ತು. ಸ್ವರ ಹುಟ್ಟಿರಲಿಲ್ಲ. ಮತ್ತೆ ಬಾರಿಸಿದ. ಮತ್ತೂ ಮೂರೇ.

ಇಷ್ಟು ವರ್ಷ ಅದೇ ಭಾಗವನ್ನು ಅವನು ಹೀಗೆಯೇ ಬಾರಿಸಿಕೊಂಡು ಬಂದಿದ್ದ. ಹೀಗೆಯೇ ಚಪ್ಪಾಳೆ ಗಿಟ್ಟಿಸಿಕೊಂಡಿದ್ದ.

ಅವನ ಮುಖ ಬಿಸಿಯಾಯಿತು. ತಿರುಗಿ ಬಾಗಿಲ ಕಡೆ ನೋಡಿದ. ನಿಂತವರು ಆಗಲೇ ಹೋಗಿಯಾಗಿತ್ತು. ಅಂಗಡಿಯವನು ಫೋನಿನಲ್ಲಿ ಮಾತಾಡುತ್ತಿದ್ದ. ಯಾರೂ ಕೇಳಿಲ್ಲ ಎಂದು ಖಾತ್ರಿಯಾದ ಮೇಲೆ ವಾದಕನ ನಾಚಿಕೆ ಹೋಯಿತು, ಅದರ ಜಾಗದಲ್ಲಿ ಸಿಟ್ಟು ಬಂತು. ಸಿಟ್ಟು ತನ್ನ ಬೆರಳಿನ ಮೇಲಲ್ಲ, ಕೆಂಪು ಗಿಟಾರಿನ ಮೇಲೆ. ಇದು ಚಾಡಿಕೋರ ಗಿಟಾರು ಎಂದುಕೊಂಡ. ಅದನ್ನು ಸ್ಟ್ಯಾಂಡಿನಲ್ಲಿಟ್ಟು ಕಪ್ಪನ್ನು ತೊಡೆಯ ಮೇಲೆ ಇಟ್ಟುಕೊಂಡ.

ಅಷ್ಟರಲ್ಲಿ ಜೊತೆಗಾರ ಬೆವರು ಒರೆಸಿಕೊಳ್ಳುತ್ತ ಬಂದ. ಎರಡನ್ನೂ ನೋಡಿದ. ಅವನ ಕಣ್ಣು ಕಪ್ಪಿನ ಮೇಲೆ ನಿಂತಿತು. ಕೈ ಚಾಚಿ ಅದರ ಕತ್ತನ್ನು ಒಮ್ಮೆ ಸವರಿದ.

"ಯಾವುದು ಒಳ್ಳೇದು ಮಾರಾಯ? ನೀನು ಹೇಳಿದ್ದೇ ಸರಿ," ಎಂದ.

ವಾದಕನ ಬಳಿ ಎರಡು ಮಾತುಗಳಿದ್ದವು. ಕೆಂಪು ಗಿಟಾರು ತಪ್ಪನ್ನು ಮುಚ್ಚುವುದಿಲ್ಲ, ಬೇಕೋ ಬೇಡವೋ ನೀನೇ ನೋಡು ಎನ್ನುವುದು ಒಂದು. ಇನ್ನೊಂದು ಅವನು ಆಡಿದ್ದು.

"ರಿದಮ್‌ಗೆ ಕೆಂಪೇ ಆಗ್ಬೇಕು. ನಿಂಗೆ ಹೇಳಿ ಮಾಡಿಸಿದ ಹಾಗುಂಟು."

ಹೇಳುವಾಗ ಅವನ ಲೆಕ್ಕ ಇಷ್ಟೇ ಇತ್ತು. ಎರಡು ಗಿಟಾರುಗಳಲ್ಲಿ ಒಂದು ಮುಚ್ಚುತ್ತದೆ, ಒಂದು ಬಿಚ್ಚುತ್ತದೆ. ಮುಚ್ಚುವುದು ತನಗಿರಲಿ. ಬಿಚ್ಚುವುದು ಜೊತೆಗಾರನ ಕೈಗೆ ಹೋದರೆ ಅವನ ತಪ್ಪುಗಳು ಎದ್ದು ಕೇಳುತ್ತವೆ, ತನ್ನದು ಇನ್ನಷ್ಟು ಚೆನ್ನಾಗಿ ಕೇಳುತ್ತದೆ. ಜೊತೆಗಾರ ಬಾರಿಸಿಯೂ ನೋಡಲಿಲ್ಲ. ಕೆಂಪು ಗಿಟಾರನ್ನು ಚೀಲಕ್ಕೆ ಹಾಕಿ ಹೆಗಲಿಗೇರಿಸಿಕೊಂಡು, ವಾದಕನ ಬೆನ್ನು ತಟ್ಟಿ ಹೊರಟ.

ಮೊದಲ ಕಾರ್ಯಕ್ರಮ ಒಂದು ಕಾಲೇಜಿನ ಸಭಾಂಗಣದಲ್ಲಿ. ಲೆಕ್ಕ ಹಾಕಿದ ಹಾಗೇ ಆಯಿತು. ಜೊತೆಗಾರನ ಕೈ ಜಾರಿದಲ್ಲೆಲ್ಲ ಸಭೆಗೆ ಕೇಳಿತು. ಮುಂದಿನ ಸಾಲಿನ ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಒಂದು ಜಾಗದಲ್ಲಂತೂ ಇಡೀ ಹಾಡೇ ಕಾಲು ತಪ್ಪಿದ ಹಾಗಾಯಿತು. ವೇದಿಕೆ ಇಳಿದ ಮೇಲೆ ಡ್ರಮ್ ಬಾರಿಸುವವನು ಎಲ್ಲರ ಮುಂದೆ ಜೊತೆಗಾರನನ್ನು ತರಾಟೆಗೆ ತೆಗೆದುಕೊಂಡ.

"ಎಂತ ಮಾರಾಯ ನಿನ್ನ ಅವಸ್ಥೆ? ನಮ್ಮ ಮಾನ ಹೋಯ್ತು!"

ಜೊತೆಗಾರ ತಲೆ ತಗ್ಗಿಸಿ ನಿಂತ. ವಾದಕ ವೈರು ಸುತ್ತುತ್ತ ನಿಂತ. ಅವನ ಒಳ್ಳೆಯ ಕಿವಿಗೆ ಒಂದು ಸಂಗತಿ ಗೊತ್ತಿತ್ತು. ಹಾಡು ಕಾಲು ತಪ್ಪಿದ ಆ ಜಾಗದಲ್ಲಿ ಜೊತೆಗಾರನೊಬ್ಬನೇ ತಪ್ಪಿರಲಿಲ್ಲ. ತಾನೂ ತಪ್ಪಿದ್ದ, ಬಹುಶಃ ಮೊದಲು ತಪ್ಪಿದವನು ತಾನೇ. ಒಬ್ಬನ ತಪ್ಪು ಗುಡುಗಿನೊಳಗೆ ಮುಳುಗಿತ್ತು, ಇನ್ನೊಬ್ಬನದು ತೇಲಿತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. ಅವನು ವೈರು ಸುತ್ತಿದ. ಸುತ್ತಿಯಾದ ವೈರನ್ನು ಬಿಚ್ಚಿ ಇನ್ನೊಮ್ಮೆ ಸುತ್ತಿದ.

ದಾರಿಯಲ್ಲಿ ಜೊತೆಗಾರ ಮೆಲ್ಲಗೆ ಕೇಳಿದ. "ಗಿಟಾರು ಬದಲು ಮಾಡ್ಲಾ? ಇದು ನನ್ನ ಕೈಗೆ ಆಗುದಿಲ್ಲ ಅಂತ ಕಾಣ್ತದೆ."

"ಗಿಟಾರಿನದ್ದೇನೂ ತಪ್ಪಿಲ್ಲ, ನಿನ್ನ ಕೈಯದ್ದು," ಎಂದ ವಾದಕ.

ಆ ಮಾತು ನಿಜವೇ. ಆದರೆ ಅವನು ಅದನ್ನು ಆಡಿದ್ದು ನಿಜವೆಂದಲ್ಲ, ಕುಟುಕಲಿಕ್ಕೆ. ಜೊತೆಗಾರ ಅದನ್ನು ಕುಟುಕೆಂದು ತಿಳಿಯಲಿಲ್ಲ. ಗೆಳೆಯ ಹೇಳಿದ ಬುದ್ಧಿಮಾತು ಎಂದು ತಿಳಿದ. ಮನೆಗೆ ಹೋದವನೇ ಡಿಸ್ಟಾರ್ಷನ್ ಪೆಟ್ಟಿಗೆಯನ್ನು ಅಟ್ಟದ ಮೇಲಿಟ್ಟ. ಬರಿಯ ತಂತಿಯ ಸದ್ದಿನಲ್ಲಿ, ನಡೆಯಲು ಕಲಿಯುವ ಮಗುವಿನ ವೇಗದಲ್ಲಿ, ಒಂದೊಂದೇ ಸ್ವರ ಹಿಡಿದು ಸಾಧನೆಗೆ ಕುಳಿತ. ಕೆಂಪು ಗಿಟಾರು ತಪ್ಪಿದ್ದನ್ನೆಲ್ಲ ಹೇಳಿತು. ಅವನು ಹೇಳಿಸಿಕೊಂಡ. ಮಳೆಗಾಲ ಹೋಗಿ ಚಳಿಗಾಲ ಬಂತು. ಆ ವೇಳೆಗೆ ಗಿಟಾರಿಗೆ ಹೇಳಲಿಕ್ಕೆ ಹೆಚ್ಚೇನೂ ಉಳಿದಿರಲಿಲ್ಲ.

ವಾದಕ ಆ ದಿನಗಳಲ್ಲಿ ಡಿಸ್ಟಾರ್ಷನನ್ನು ಇನ್ನಷ್ಟು ಏರಿಸಿಕೊಂಡ. ಜೊತೆಗಾರನ ಕೈ ತಿದ್ದಿಕೊಳ್ಳುತ್ತಿರುವುದು ಅವನಿಗೆ ಎಲ್ಲರಿಗಿಂತ ಮೊದಲೇ ಕೇಳಿತ್ತು. ಕೇಳಿದ್ದನ್ನು ಅವನು ಯಾರಿಗೂ ಹೇಳಲಿಲ್ಲ. ತನಗೂ ಹೇಳಿಕೊಳ್ಳಲಿಲ್ಲ.

ಬ್ಯಾಂಡಿನವರು ತಮ್ಮ ಮೊದಲ ಹಾಡನ್ನು ರೆಕಾರ್ಡ್ ಮಾಡಲು ಒಂದು ಸ್ಟುಡಿಯೊಗೆ ಹೋದರು. ಅಲ್ಲಿಯ ರೆಕಾರ್ಡಿಂಗಿನವನದು ಒಂದು ಪದ್ಧತಿ. ಗಿಟಾರಿನ ಬರಿಯ ತಂತಿಯ ಸದ್ದನ್ನಷ್ಟೇ ಮೊದಲು ಹಿಡಿದಿಡುವುದು, ಗುಡುಗನ್ನು ಆಮೇಲೆ ಸೇರಿಸುವುದು. ನುಡಿಸುವವನ ಹೆಡ್‌ಫೋನಿನಲ್ಲಿ ಗುಡುಗೇ ಕೇಳುತ್ತಿರುತ್ತದೆ. ಹಿಡಿದಿಟ್ಟದ್ದರಲ್ಲಿ ಗುಡುಗು ಇರುವುದಿಲ್ಲ. ಮೊದಲ ಸಲ ಸ್ಟುಡಿಯೊಗೆ ಬಂದ ವಾದಕನಿಗೆ ಇದು ಗೊತ್ತಿರಲಿಲ್ಲ.

ಅವನೇ ಮೊದಲು ಒಳಗೆ ಹೋದ. ಕಣ್ಣು ಮುಚ್ಚಿ, ತಲೆ ಕೊಡವಿ, ವೇಗದ ಭಾಗವನ್ನು ಬಾರಿಸಿ ಬೆವರಿಳಿಸಿಕೊಂಡು ಹೊರಗೆ ಬಂದ. ಹಾಡುವವನು, ಡ್ರಮ್ಮಿನವನು, ಜೊತೆಗಾರ ಎಲ್ಲರೂ ಸಾಲಾಗಿ ಕುಳಿತಿದ್ದರು. ಹೇಗೆ ಬಂದಿದೆ ಕೇಳೋಣ ಎಂದು ರೆಕಾರ್ಡಿಂಗಿನವನು ಗುಂಡಿ ಒತ್ತಿದ.

ಸ್ಪೀಕರಿನಿಂದ ಗುಡುಗು ಬರಲಿಲ್ಲ. ಬಂದದ್ದು ಅವನ ಕೈ. ಬರಿಯ ಕೈ. ಟಿಣ್ ಟಿಣ್ ಎಂದು ಬರುತ್ತ, ನಡುನಡುವೆ ಏನೂ ಇಲ್ಲದೆ ಹೋಗುತ್ತ, ಒಂದು ಸ್ವರ ಅವಸರಕ್ಕೆ ಬಿದ್ದು, ಇನ್ನೊಂದು ಹಿಂದೆ ಉಳಿದು, ಉಳಿದವು ಬಾರದೆಯೇ ಹೋಗಿ. ಸ್ಪೀಕರುಗಳು ದೊಡ್ಡವು. ಕೋಣೆ ಸಣ್ಣದು. ಎಲ್ಲಿಗೂ ಓಡುವ ಹಾಗಿರಲಿಲ್ಲ.

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಡ್ರಮ್ಮಿನವನು ತನ್ನ ಚಪ್ಪಲಿ ನೋಡುತ್ತ ಕುಳಿತ. ಹಾಡುವವನು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದ. ಮುಚ್ಚಿಟ್ಟದ್ದು ತೆರೆದುಕೊಂಡಾಗ ನೋಡಬಾರದ್ದನ್ನು ನೋಡಿದವರ ಹಾಗೆ ಎಲ್ಲರೂ ಮುಖ ಬೇರೆ ಕಡೆ ಮಾಡಿದ್ದರು. ವಾದಕ ಅಲ್ಲಿಯೇ ನಿಂತಿದ್ದ. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದ.

"ವೈರು ಸರಿ ಇಲ್ಲ," ಎಂದ.

ವೈರು ಬದಲಾಯಿಸಿದರು. ಅವನು ಮತ್ತೆ ಬಾರಿಸಿದ. ಮತ್ತೆ ಅದೇ ಬಂತು. ತಂತಿ ಹಳೆಯದು ಎಂದ. ಹೊಸ ತಂತಿ ಹಾಕಿದರು. ಕೈ ಬದಲಾಯಿಸುವುದು ಮಾತ್ರ ಸಾಧ್ಯವಿರಲಿಲ್ಲ.

ಆಗ ಜೊತೆಗಾರ ಎದ್ದು ತನ್ನ ಕೆಂಪು ಗಿಟಾರನ್ನು ತಂದು ಅವನ ಮುಂದೆ ಹಿಡಿದ. "ನಿನ್ನ ಗಿಟಾರಿಗೆ ಎಂತೋ ಆಗಿದೆ. ಇದ್ರಲ್ಲಿ ನೋಡು ಮಾರಾಯ," ಎಂದ. ವಾದಕ ಬೇಡವೆನ್ನುವ ಹಾಗಿರಲಿಲ್ಲ. ತೆಗೆದುಕೊಂಡ. ಅಂಗಡಿಯಲ್ಲಿ ಅವತ್ತು ಸ್ಟ್ಯಾಂಡಿಗೆ ಇಟ್ಟುಬಂದ ಗಿಟಾರು ಮತ್ತೆ ಅವನ ತೊಡೆಯ ಮೇಲಿತ್ತು. ಅರ್ಧ ಬಾರಿಸುವ ಮೊದಲೇ ಅವನ ಕೈ ತಾನಾಗಿ ನಿಂತಿತು. ಗಿಟಾರನ್ನು ಕೆಳಗಿಟ್ಟ.

"ಇವತ್ತು ನನಗೆ ಆಗುದಿಲ್ಲ," ಎಂದ.

ಸ್ಟುಡಿಯೊ ಅವರಿಗೆ ಸಿಕ್ಕಿದ್ದು ಅದೊಂದೇ ದಿನ. ರೆಕಾರ್ಡಿಂಗಿನವನು ಜೊತೆಗಾರನ ಕಡೆ ನೋಡಿದ. ಜೊತೆಗಾರ ಬೇಡವೆಂದು ತಲೆಯಾಡಿಸಿದ, ಅದು ಅವನ ಭಾಗ, ನಾನು ಹೇಗೆ ನುಡಿಸುವುದು ಎಂದ. ನುಡಿಸು ಎಂದು ಹೇಳಬೇಕಾದವನು ವಾದಕನೇ. ಹೇಳಿದ. ಜೊತೆಗಾರ ಒಳಗೆ ಹೋದ. ಲೀಡಿನ ಕೆಳಗೆ ತನ್ನ ರಿದಮ್ ಸರಿಯಾಗಿ ಕೂರಲಿ ಎಂದು ಆ ಭಾಗವನ್ನು ಅವನು ಮನೆಯಲ್ಲಿ ಕಲಿತಿಟ್ಟುಕೊಂಡಿದ್ದ. ಹೊರಗೆ ಬಂದು ಕುಳಿತಾಗ ಸ್ಪೀಕರಿನಲ್ಲಿ ನಾಲ್ಕು ಸ್ವರ ಇರಬೇಕಾದಲ್ಲಿ ನಾಲ್ಕೂ ಇದ್ದವು. ಗುಡುಗಿಲ್ಲದೆಯೂ ಕೋಣೆ ತುಂಬಿತು.

ಡ್ರಮ್ಮಿನವನು ಎದ್ದು ನಿಂತು ಚಪ್ಪಾಳೆ ಹೊಡೆದ. "ಯಾವಾಗ ಕಲಿತೆ ಮಾರಾಯ ಇಷ್ಟೆಲ್ಲ?"

ಜೊತೆಗಾರ ಎದ್ದು ಬಂದು ವಾದಕನ ಹೆಗಲ ಮೇಲೆ ಕೈ ಹಾಕಿದ. "ನಂದಲ್ಲ ಇದು, ಇವನದ್ದು," ಎಂದ. "ಈ ಗಿಟಾರು ಇವನೇ ಆರಿಸಿ ಕೊಟ್ಟದ್ದು. ನನ್ನ ಕೈ ಸರಿ ಇಲ್ಲ ಅಂತ ಇವನಿಗೆ ಮೊದಲೇ ಗೊತ್ತಿತ್ತು. ಸುಳ್ಳು ಬಾರಿಸ್ಲಿಕ್ಕೆ ಬಿಡದ ಗಿಟಾರನ್ನೇ ನಂಗೆ ಕೊಡಿಸಿದ. ನಾನು ಬದಲು ಮಾಡ್ತೇನೆ ಅಂತ ಹೊರಟಾಗ್ಲೂ ಬಿಡ್ಲಿಲ್ಲ."

ಎಲ್ಲರೂ ವಾದಕನ ಕಡೆ ತಿರುಗಿದರು. ಸ್ವಲ್ಪ ಹೊತ್ತಿನ ಮುಂಚೆ ಅವನ ಮುಖ ನೋಡಲಾರದೆ ಕುಳಿತಿದ್ದವರು ಈಗ ಗೌರವದಿಂದ ನೋಡಿದರು. ಡ್ರಮ್ಮಿನವನು ಬಂದು ಕೈ ಕುಲುಕಿದ. ಕೈ ಸೋತದ್ದಕ್ಕೆ ಪಟ್ಟ ನಾಚಿಕೆ ಈ ನಾಚಿಕೆಯ ಮುಂದೆ ಏನೂ ಅಲ್ಲವೆಂದು ಅವನಿಗೆ ಅನಿಸಿತು. ಹೌದು ಎಂದರೆ ಸುಳ್ಳು. ಅಲ್ಲ ಎಂದರೆ ಯಾಕೆ ಅಲ್ಲ ಎಂದು ಹೇಳಬೇಕು. ಅವನು ಕೈಯನ್ನು ಕುಲುಕಲು ಬಿಟ್ಟ.

ಬಸ್ಸಿಗೆ ನಡೆಯುವಾಗ ಇಬ್ಬರೇ ಇದ್ದರು. ಒಬ್ಬೊಬ್ಬರ ಬೆನ್ನಿಗೂ ಒಂದೊಂದು ಗಿಟಾರು.

"ಒಂದು ಕೇಳ್ತೇನೆ," ಎಂದ ಜೊತೆಗಾರ. "ಅವತ್ತು ಅಂಗಡಿಯಲ್ಲಿ ನಂಗೆ ಕಪ್ಪಿನದ್ದೇ ಆಸೆ ಇತ್ತು. ನಿಂಗೆ ಹೇಗೆ ಗೊತ್ತಾಯ್ತು, ನಂಗೆ ಬೇಕಾದ್ದು ಕೆಂಪು ಅಂತ?"

ವಾದಕ ನಿಂತ. ಇದಕ್ಕಿಂತ ಒಳ್ಳೆಯ ಸಮಯ ಇನ್ನು ಸಿಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಕೇಳುವವನ ಮುಖದಲ್ಲಿ ಅನುಮಾನವಿರಲಿಲ್ಲ. ಹೇಳಿದರೆ ಈ ಮುಖ ಏನಾಗುತ್ತದೆ ಎಂದು ಅವನು ಯೋಚಿಸಿದ. ಬಾಯಿ ತೆರೆದ.

"ನೀನು ಬರುವ ಮೊದ್ಲು ನಾನು ಅದನ್ನು ಬಾರಿಸಿ ನೋಡಿದ್ದೆ," ಎಂದ.

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಜೊತೆಗಾರ ಸಂತೋಷದಿಂದ ನಕ್ಕ. "ನಿನ್ನ ಕಿವಿ ಅಂದ್ರೆ ಕಿವಿ ಮಾರಾಯ!" ಎಂದ. ಬಸ್ಸು ಬಂತು. ಜೊತೆಗಾರ ತನಗೆ ಸಿಕ್ಕಿದ ಸೀಟನ್ನು ವಾದಕನಿಗೆ ಬಿಟ್ಟುಕೊಟ್ಟು ದಾರಿಯುದ್ದಕ್ಕೂ ನಿಂತುಕೊಂಡು ಬಂದ.

ಮನೆಗೆ ಬಂದ ವಾದಕ ಕಪ್ಪು ಗಿಟಾರನ್ನು ಹೊರಗೆ ತೆಗೆದ. ಡಿಸ್ಟಾರ್ಷನ್ ಪೆಟ್ಟಿಗೆಯಿಂದ ಅದರ ವೈರನ್ನು ಕಿತ್ತ. ಬರಿಯ ತಂತಿಯಲ್ಲಿ ಆ ಭಾಗವನ್ನು ಮೆಲ್ಲಗೆ ಬಾರಿಸಿದ. ನಾಲ್ಕು ಇರಬೇಕಾದಲ್ಲಿ ಮೂರೇ ಬಂದವು. ಕೆಂಪು ಗಿಟಾರು ಹೇಳಿದ್ದನ್ನೇ ಕಪ್ಪು ಗಿಟಾರೂ ಹೇಳಿತು. ಮೊದಲ ದಿನದಿಂದ ಅದು ಹೇಳುತ್ತಲೇ ಇತ್ತು, ಅವನು ಮಾತಾಡಲು ಬಿಟ್ಟಿರಲಿಲ್ಲ. ತಪ್ಪಿದ ಸ್ವರವನ್ನು ನಾಳೆಯಿಂದ ತಿದ್ದಿಕೊಳ್ಳಬಹುದು, ಅದಕ್ಕೆ ಸಾಧನೆ ಸಾಕು. ಅಂಗಡಿಯಲ್ಲಿ ಆಡಿದ ಆ ಒಂದು ಮಾತಿಗೆ ಏನು ಮಾಡುವುದೆಂದು ಅವನಿಗೆ ತಿಳಿಯಲಿಲ್ಲ.

ಮಾಸ್ಟ್ರು ಅಲ್ಲಿಗೆ ನಿಲ್ಲಿಸಿ, ಬಟ್ಟೆಯನ್ನು ಮಡಚಿ ಕಿಟಕಿಯ ಮೇಲಿಟ್ಟರು.

ನಿಶಿತ್‌ನ ಮುಖ ಅರಳಿತು. ಉತ್ತರ ಸಿಕ್ಕಿದ ಖುಷಿಯಲ್ಲಿ ಎದ್ದು ನಿಂತ.

"ಅರ್ಥ ಆಯ್ತು ಸರ್. ಕೆಂಪಿನದ್ದೇ ಒಳ್ಳೇದು. ನಾಳೆ ಬೆಳಿಗ್ಗೆ ರೊಯ್ಸ್ಟನ್ ಬರುವ ಮೊದ್ಲೇ ಹೋಗಿ ಅದನ್ನೇ ತಗೊಳ್ತೇನೆ."

ಮಾಸ್ಟ್ರು ತಲೆಯೆತ್ತಿ ಅವನನ್ನು ನೋಡಿದರು.

"ಉಳಿದದ್ದನ್ನು ರೊಯ್ಸ್ಟನ್‌ಗೆ ಎಂತ ಹೇಳಿ ಕೊಡಿಸ್ತಿ?"

ಎದ್ದು ನಿಂತಿದ್ದ ನಿಶಿತ್ ಮೆಲ್ಲಗೆ ಮತ್ತೆ ಕೂತ.